ಹರಿಗೋಲರ ಮನೆ ಹೆಣ್ಣು

ಹರಿಗೋಲರ ಮನೆಯಾಗೆ ಒಬ್ರಿಗೂ ಈಜು ಬರಲ್ಲ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಾಗೆ ಮನೆ, ಪೇಟೆಯಾಗೆ ಬಟ್ಟೆ ಅಂಗಡಿ, ನೀರು ಅಂದ್ರೆ ನಲ್ಲಿ ನೀರು ಅಷ್ಟೇ. ಹಂಗಿದ್ರೂ ಈ ಹೆಸರು ಯಾಕ ಬಂತು ಅಂತ ನಯನಾ ಇಪ್ಪತ್ತೈದು ವರ್ಷ ಕೇಳೇ ಇರ್ಲಿಲ್ಲ. ಹರಿಹರದ ಬಸವಕಿರಣನ್ನ ಮದ್ವೆ ಆಗ್ತೀನಿ ಅಂದಾಗ ಕೇಳಬೇಕಾಯ್ತು. ಯಾಕಂದ್ರೆ ಅವನೂ ಹರಿಗೋಲರ ಮನೆಯೋನೇ.

"ಒಂದೇ ಮನೆತನ ಅಂದ್ರೆ ಅಣ್ಣ ಆಗ್ಬೇಕಲ್ಲೇ ಅವನು!" ಅಂದ್ಲು ಅಜ್ಜಿ ಕಸ್ತೂರಮ್ಮ.

"ಅವರಿಗೂ ನಮಗೂ ಒಂದು ಲಗ್ನಪತ್ರಿಕೆ ಹೋಗಿ ಬಂದಿಲ್ಲ, ಯಾವ ಕಡೆ ಅಣ್ಣ ಅಜ್ಜಿ?"

"ಪತ್ರಿಕೆ ಕೊಡದಿದ್ರೆ ರಕ್ತ ಬದ್ಲಾಗ್ತೈತಾ? ಬೇರು ಎರಡು ಅಂತ ತೋರ್ಸು, ನಾನೇ ಮುಂದೆ ನಿಂತು ಅಕ್ಕಿಕಾಳು ಹಾಕ್ತೀನಿ. ಇಲ್ಲಾಂದ್ರೆ ಅವನ ಸುದ್ದಿ ಎತ್ತಬ್ಯಾಡ."

ಅಪ್ಪ ಮುರುಗೇಶಪ್ಪ ಪೇಪರಿನ ಹಿಂದೆ ಅಡಗಿಕೊಂಡ.

ವಾರ ಆದ್ಮೇಲೆ ಬಸವಕಿರಣ್ ಫೋನ್ ಮಾಡಿದ. ಹೊಳೆ ದಂಡ್ಯಾಗೆ ಕಾಟಮ್ಮ ಅಂತ ಅಜ್ಜಿ ಅದಾಳೆ, ಹಿಂದೆ ಹರಿಗೋಲು ಹಾಕ್ತಿದ್ದ ಮನೆತನ, ನಮ್ಮ ಹೆಸರಿನ ಕತೆ ಅವಳಿಗೆ ಗೊತ್ತಂತೆ, ಬಾ ಅಂದ. "ನಾನೂ ಬರ್ತೀನಿ, ನೀನು ಬಂದು ಹೇಳೋದು ನಂಬಲ್ಲ" ಅಂತ ಕಸ್ತೂರಮ್ಮನೂ ಹೊರಟ್ಲು.

ಬೆಳಗಿನ ಬಸ್ಸು. ಬಾತಿ ಕೆರೆ ಮ್ಯಾಲೆ ಮಂಜು ಹಾಸಿತ್ತು. ನಿದ್ದೆಗಣ್ಣಾಗೆ ನಯನಾಗೆ ಬಸ್ಸೇ ತೇಲ್ತಿದ್ದಂಗೆ ಕಾಣ್ತು. ಹರಿಹರದಾಗೆ ಇಳಿದ್ರೆ ತುಂಗಭದ್ರೆನೇ ಕಾಣ್ವಲ್ದು, ಸೇತುವೆ ಕಾಲಿಲ್ದಂಗೆ ಮಂಜಿನ ಮ್ಯಾಲೆ ನಿಂತಿತ್ತು.

ಬಸವಕಿರಣ್ ಮನೆ ತೋರ್ಸಿ ತಾನು ಬೇವಿನ ಮರದಡಿ ನಿಂತ. ಅಂಗಳದಾಗೆ ಅವರೆಕಾಯಿ ಸುಲೀತಿದ್ದ ಕಾಟಮ್ಮ ತಲೆ ಎತ್ತಿದ್ಲು. "ಬರ್ರಿ, ಕೂಡ್ರಿ. ಯಾರ ಮನೆಯೋರು?"

"ದಾವಣಗೆರೆ ಹರಿಗೋಲರು," ಅಂದ್ಲು ನಯನಾ.

ಮುದುಕಿ ಕೈ ಅಲ್ಲೇ ನಿಂತ್ಹೋಯ್ತು. "ಅಯ್ ಶಿವನೇ, ಅಂತೂ ದಾರಿ ಸಿಕ್ತಾ ನಿಮಗೆ!"

ಆಮೇಲೆ ಹೇಳಿದ್ಲು. "ನಮ್ಮತ್ತಿಯ ಅತ್ತಿ ಕಾಲದ ಮಾತು. ಪ್ಲೇಗು ಬಂದು ಆಚೆ ದಂಡೆ ಊರೆಲ್ಲ ಖಾಲಿ. ಬ್ಯಾರೆ ಬ್ಯಾರೆ ಊರಿನ ಎರಡು ಸಂಸಾರ ನಮ್ಮ ಹರಿಗೋಲು ಹತ್ತಿ ಈಚೆ ಬಂದ್ವು. ಊರೊಳಗೆ ಯಾರು ಬಿಟ್ಕೊಂತಾರೆ? ನಮ್ಮೋರು ಹರಿಗೋಲನ್ನ ದಂಡೆ ಮ್ಯಾಲೆ ಬೋರಲು ಹಾಕಿ, ಇದರಡಿ ಇರ್ರಿ ಅಂದ್ರು. ತಿಂಗಳುಗಟ್ಲೆ ಅದೇ ಮನೆ. ಜನ ಹರಿಗೋಲರು ಅಂತ ಕರೆದ್ರು."

ನಯನಾ ಕಣ್ಣು ಮುಚ್ಚಿದ್ಲು. ನೆತ್ತಿ ಮ್ಯಾಲೆ ಬಿದಿರಿನ ಕಪ್ಪು ಆಕಾಶ, ತೊಗಲಿನ ವಾಸನೆ, ಸಣ್ಣ ತೂತಿನಾಗೆ ಒಂದೊಂದೇ ಚುಕ್ಕಿ ಬೆಳಕು. ಯಾವುದೋ ಕೂಸಿನ ಉಸಿರು. ನೆಲಕ್ಕೆ ಕಿವಿ ಇಟ್ರೆ ಹೊಳೆ ಸದ್ದು. ಇದನ್ನೆಲ್ಲ ತಾನೇ ಅಲ್ಲಿ ಮಲಗಿ ಕೇಳಿದ್ದಂಗೆ ಅನ್ಸಿಬಿಡ್ತು ಅವಳಿಗೆ.

"ಒಂದೇ ಸೂರಡಿ ಇದ್ರು ಅಂದ್ಮೇಲೆ ಅಣ್ಣತಮ್ಮಂದಿರೇ ಆದ್ರಲ್ಲ," ಕಸ್ತೂರಮ್ಮ ಪಟ್ಟು ಬಿಡ್ಲಿಲ್ಲ.

"ಹೆಂಗಾಗ್ತಾರೆ ತಾಯಿ? ಒಂದು ಮನೆ ಹುಡುಗಿನ ಇನ್ನೊಂದು ಮನೆಗೆ ಅಲ್ಲೇ ಧಾರೆ ಎರೆದ್ರು! ಅವಳ ಸೋದರಮಾವ ಪ್ಲೇಗಿನಾಗೆ ಹೋಗ್ಬಿಟ್ಟಿದ್ದ. ಹಸೆಗೆ ಕರ್ಕೊಂಡು ಬರೋರು ಯಾರು? ಆ ಜಾಗದಾಗೆ ನಿಂತೋರು ನಮ್ಮ ಮನೆಯೋರು. ಗಂಡಿನ ಕಡೆಯೋರು ಇಲ್ಲೇ ಉಳಿದ್ರು, ಹೆಣ್ಣಿನ ಕಡೆಯೋರು ದಾವಣಗೆರೆಗೆ ಹೋದ್ರು."

ಮಂಜು ನಿಧಾನಕ್ಕೆ ಹರೀತಿತ್ತು. ಕಸ್ತೂರಮ್ಮ ಹೊಳೆ ಕಡೆ ನೋಡಿ, ಕಾಟಮ್ಮನ ಹತ್ರ ಸರಿದು ಕೇಳಿದ್ಲು.

"ಅಂದ್ರೆ ಹೋದ ಸಲನೂ ಹೆಣ್ಣು ಕೊಟ್ಟಿದ್ದು ನಾವೇನಾ?"

"ಹೂನವ್ವ."

ಅಜ್ಜಿ ಬೇವಿನ ಮರದಡಿ ನಿಂತಿದ್ದ ಬಸವಕಿರಣನ ಕಡೆ ತಿರುಗಿದ್ಲು. "ಏನಪ್ಪಾ, ನಿಮಗೆ ಸಲಸಲನೂ ನಮ್ಮ ಹುಡುಗಿನೇ ಬೇಕೇನು?"

ಅವನು ಬೆಬ್ಬೆಬ್ಬೆ ಅಂದ. ನಯನಾ ನಕ್ಕುಬಿಟ್ಲು, ಕಣ್ಣಾಗೆ ನೀರೂ ಬಂತು.

ಕಸ್ತೂರಮ್ಮ ಕಾಟಮ್ಮನ ಕೈ ಹಿಡ್ಕೊಂಡ್ಲು. "ಇವಳ ಸೋದರಮಾವನ ಜತೆ ನಿಮ್ಮ ಮನೆಯೋರೂ ಒಬ್ರು ನಿಲ್ಲಬೇಕು. ಅರಿಶಿಣದ ದಿನನೇ ಬಂದ್ಬಿಡ್ರಿ."

"ಕಾರು ಕಳ್ಸಿದ್ರೆ ನಾನೂ ಬರ್ತೀನಿ," ಅಂದ್ಲು ಕಾಟಮ್ಮ. "ಬಸ್ಸು ನಂಗೆ ಆಗಿಬರಲ್ಲ."