ಮಕ್ಕಳಿದ್ದ ಮನಿ ಅನ್ನಿಸೂದಿಲ್ಲ

ಬ್ರಹ್ಮಪುರದ ಇಂದೂಬಾಯಿಯ ಮನೆಯ ಪರಶಿಗಲ್ಲಿನ ನೆಲದ ಮೇಲೆ ಎಲೆಯಿಲ್ಲದೆ ಅನ್ನ ಬಡಿಸಿಕೊಂಡು ಉಣ್ಣಬಹುದು ಎಂದು ಓಣಿಯವರೆಲ್ಲ ಅನ್ನುತ್ತಿದ್ದರು. ಅನ್ನುವವರಿಗೇನು, ಬಾಯಿಗೆ ಬಂದದ್ದು ಅಂದು ಹೋಗುತ್ತಾರೆ. ದಿನಕ್ಕೆ ಮೂರು ಸಲ ಮೊಣಕಾಲೂರಿ ಒರೆಸುವವಳು ಇಂದೂಬಾಯಿ. ಹದಿನಾಲ್ಕು ವರ್ಷದ ಹಿಂದೆ ಸೊಸೆಯಾಗಿ ಬಂದ ದಿನವೇ ಅತ್ತೆ, "ಹೊಲಸು ಮನಿ ಅಂತ ಒಬ್ಬರ ಬಾಯಾಗ ಬಂತಂದ್ರ ನಿನ್ನ ತವರಿನ ಹೆಸರೇ ಕೆಡ್ತದ, ತಿಳೀತs?" ಎಂದಿದ್ದಳು. ಅತ್ತೆ ಹೋದಳು. ಮೂರು ವರ್ಷದ ಹಿಂದೆ ಗಂಡ ಪಾಂಡುರಂಗನೂ ಹೋದ. ಆ ಮಾತು ಮಾತ್ರ ಹೋಗಲಿಲ್ಲ.

ಸಾವಿರದ ಒಂಬೈನೂರಾ ತೊಂಬತ್ಮೂರರ ಬೇಸಿಗೆಯಲ್ಲಿ ಆ ಮನೆ ಮಾರಾಟಕ್ಕೆ ಬಂತು. ಮಾರುವವನು ಮೈದುನ ಪ್ರಹ್ಲಾದ. ಅಣ್ಣನ ಕರ್ಮ ಮುಗಿದ ವಾರದಲ್ಲೇ ಅವನು ಕಾಗದ ತಂದಿದ್ದ, ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಇಂದೂಬಾಯಿ ಸಹಿ ಮಾಡಿಕೊಟ್ಟಿದ್ದಳು. ಓದಿ ನೋಡಬೇಕು ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಮೈದುನನ ಎದುರು ಕಾಗದ ಓದುತ್ತ ಕೂತರೆ ಅವನನ್ನು ನಂಬಲಿಲ್ಲ ಅಂದಂತಾಗುವುದಿಲ್ಲವೇ.

ಮನೆ ಹೋದರೆ ಹೋಗಲಿ, ಅವಳ ಸಂಕಟ ಬೇರೆಯದು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು: ಹತ್ತು ವರ್ಷದ ವನಮಾಲಾ, ಆರು ವರ್ಷದ ಕುಮುದಿನಿ. ಕಮಲಾಪುರದಲ್ಲಿ ಗುಡಿಯ ಪೂಜೆ ಮಾಡಿಕೊಂಡಿರುವ ಅಣ್ಣ ಜಯತೀರ್ಥ, "ನೀ ಬಾ, ಒಂದು ಕೂಸಿನ್ನ ಕರಕೊಂಡು ಬಾ. ಎರಡೂ ಅಂದ್ರ ನನ್ನ ಕೈಲೆ ಆಗೂದಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದ. ಅದಕ್ಕೆ ಪ್ರಹ್ಲಾದ, "ಇನ್ನೊಬ್ಬಾಕಿ ನಮ್ಮಲ್ಲೇ ಇರಲಿ ವೈನಿ. ಪಾರ್ವತಿಗೂ ತೊಟ್ಟಿಲಾ ತೂಗಲಿಕ್ಕೆ ಒಬ್ಬರು ಆಗ್ತಾರ" ಎಂದಿದ್ದ. ಅವನ ಹೆಂಡತಿ ಪಾರ್ವತೀಬಾಯಿಯ ಕೈ ಎಂಥದೆಂದು ಇಂದೂಬಾಯಿಗೆ ಗೊತ್ತಿತ್ತು. ಅವರಲ್ಲಿ ಮೊದಲು ಕೆಲಸಕ್ಕಿದ್ದ ಹುಡುಗಿಯ ತೋಳಿನ ಮೇಲೆ ಕಾದ ಸೌಟಿನ ಬರೆ ಇದ್ದುದನ್ನು ಕಣ್ಣಾರೆ ಕಂಡಿದ್ದಳು. ಯಾವ ಮಗಳನ್ನು ಅಲ್ಲಿಗೆ ಕಳಿಸುವುದು ಎಂದು ಪ್ರಹ್ಲಾದ ಕೇಳಿದಾಗಲೆಲ್ಲ, "ಮೊದಲ ಮನಿ ಹೋಗಲಿ, ಆಮ್ಯಾಲೆ ನೋಡೂಣು" ಎಂದು ಮಾತು ಹಾರಿಸುತ್ತಿದ್ದಳು. ಮನೆ ಮಾರಾಟವಾಗದಿದ್ದಷ್ಟು ದಿನ ಎರಡೂ ಮಕ್ಕಳು ತನ್ನ ಮಗ್ಗುಲಲ್ಲೇ. ಇಷ್ಟು ಸರಳ ಲೆಕ್ಕ.

ಅಷ್ಟು ತಿಳಿದೂ ಈ ಮಹಾತಾಯಿ ಏನು ಮಾಡಿದಳು ಕೇಳಿ. ದಲ್ಲಾಳಿ ಸೂರ್ಯಕಾಂತ ಬಂದು, "ಸಂಜಿ ನಾಕಕ್ಕ ಮನಿ ನೋಡಲಿಕ್ಕೆ ಬರ್ತಾರ್ರಿ" ಅಂದರೆ ಸಾಕು, ಸೆರಗು ಸೊಂಟಕ್ಕೆ ಸಿಗಿಸಿ ನಿಂತುಬಿಡುವಳು. ಮಕ್ಕಳ ಪಾಟಿ, ಗೊಂಬೆ, ಚಿಂದಿ ಬಟ್ಟೆ ಎಲ್ಲ ಗೋಣಿಚೀಲ ಸೇರಿ ಅಟ್ಟಕ್ಕೆ ಹೋಗುತ್ತಿದ್ದವು. ಕುಮುದಿನಿ ಇನ್ನೂ ಹಾಸಿಗೆ ಒದ್ದೆ ಮಾಡಿಕೊಳ್ಳುವ ಕೂಸು. ಅದರ ದುಪ್ಪಟಿ ಮಾಳಿಗೆಯ ಬಿಸಿಲಿಗೆ, ವಾಸನೆಗೆ ನಡುಮನೆಯಲ್ಲಿ ಊದುಬತ್ತಿ. ಇದ್ದಲಿನಿಂದ ಗೋಡೆಯ ಮೇಲೆ ಕುದುರೆ ಬರೆದದ್ದಕ್ಕೆ ಅದೇ ಕುಮುದಿನಿಯ ಬೆನ್ನಿಗೆ ನಾಲ್ಕು ಏಟು, ಗೋಡೆಗೆ ಸುಣ್ಣ. ಆಮೇಲೆ ಇಬ್ಬರನ್ನೂ ಹಿತ್ತಲ ಬಾವಿಯ ಪಕ್ಕದ ಬಟ್ಟೆಗಲ್ಲಿನ ಮೇಲೆ ಕೂಡಿಸಿ, "ಅಲುಗಾಡಿದ್ರ ನೋಡ್ರಿ ಮತ್ತ" ಎಂದು ಬೆರಳು ತೋರಿಸುವಳು. ನಾಲ್ಕು ಗಂಟೆಯ ಬಿಸಿಲಿಗೆ ಆ ಕಲ್ಲು ಕಾದಿರುತ್ತಿತ್ತು. ಮಕ್ಕಳು ತೊಡೆಯ ಕೆಳಗೆ ಅಂಗೈ ಇಟ್ಟುಕೊಂಡು ಕೂರುತ್ತಿದ್ದವು.

ಮೊದಲು ನೋಡಿದವರು ಬಾವಿಯ ನೀರು ಸವಳೆಂದು ಬಿಟ್ಟರು. ಆದರೆ ಹೋಗುವಾಗ ಬಂದವರಲ್ಲಿದ್ದ ಹೆಂಗಸು, "ಮಕ್ಕಳಿದ್ದ ಮನಿ ಅನ್ನಿಸೂದಿಲ್ಲ ನೋಡ್ರಿ, ಎಷ್ಟು ನೀಟಾಗಿ ಇಟ್ಟೀರಿ" ಎಂದಳು. ಇಂದೂಬಾಯಿಯ ಮುಖ ಅರಳಿತು. ನಾಚಿಕೆ ಆಗಬೇಕಿತ್ತು, ಆಗಲಿಲ್ಲ.

ಪಾತ್ರೆ ತಿಕ್ಕುವ ದುಂಡಮ್ಮ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಬೂದಿಗೈಯಲ್ಲೇ ಎದ್ದು ಬಂದಳು.

"ಬಾಯಾರ, ನಿಮಗ ಬುದ್ಧಿ ಅದನೋ ಇಲ್ಲೋ? ಮನಿ ಹೋದ್ರ ಕೂಸು ಹೋಗ್ತದ ಅಂತ ಅಳತೀರಿ, ಮತ್ತ ನೀವೇ ಕನ್ನಡಿ ಮಾಡಿ ಇಡಾಕತ್ತೀರಿ. ಕಸ ಹಂಗೇ ಬಿಡ್ರಿ. ಸಣ್ಣಾಕಿ ಹಾಸಗಿ ನಡಮನ್ಯಾಗ ಬಿಡ್ರಿ. ನಾನೂ ನಾಳಿ ಮುಸರಿ ತಿಕ್ಕಲ್ಲ. ಯಾವ ಮಡಿವಂತ ಬಂದು ತಗೋತಾನ ನೋಡಾಮು."

ಮಾತು ಖರೆ ಅನ್ನಿಸಿತು. ಎರಡನೆಯ ಗಿರಾಕಿಗಳಾದ ಸುರಪುರದವರು ಬರುವ ದಿನ ಇಂದೂಬಾಯಿ ಕಸ ಗುಡಿಸಲಿಲ್ಲ. ಮುಸುರೆ ಪಾತ್ರೆ ಬಚ್ಚಲಲ್ಲಿ ಬಿದ್ದಿತ್ತು, ಕುಮುದಿನಿಯ ಒದ್ದೆ ಹಾಸಿಗೆ ನಡುಮನೆಯಲ್ಲಿ ನಾರುತ್ತಿತ್ತು. ಮಕ್ಕಳಿಗೋ ಹಬ್ಬ, ಪರಶಿಯ ಮೇಲೆಲ್ಲ ಹುಣಸೆಬೀಜ ಹರಡಿಕೊಂಡು ಆಡಿದರು. ವನಮಾಲಾ ತಾಯಿಯ ಕುತ್ತಿಗೆಗೆ ಜೋತುಬಿದ್ದು, "ಇವತ್ತು ಅವರು ಹೊರಗಿಂದನs ಓಡಿ ಹೋಗ್ತಾರ ಅಲ್ಲ ಅವ್ವಾ?" ಎಂದಳು.

ಮೂರೂವರೆಯ ತನಕ ಇಂದೂಬಾಯಿ ತಡೆದಳು. ಆಮೇಲೆ ಓಣಿಯ ತುದಿಯಲ್ಲಿ ಆಟೋ ನಿಂತ ಸಪ್ಪಳವಾಯಿತು, ಯಾರೋ ಹೆಂಗಸಿನ ಮಾತು ಕೇಳಿತು. ಪರಿಚಯವಿಲ್ಲದ ಒಬ್ಬ ಹೆಂಗಸು ಹೊಸ್ತಿಲಲ್ಲಿ ಮೂಗಿಗೆ ಸೆರಗು ಹಿಡಿಯುವುದು ಅವಳ ಕಣ್ಣಿಗೆ ಕಟ್ಟಿತು. ಅಷ್ಟೆ. ಹಾಸಿಗೆಯನ್ನು ಬಾಚಿ ಹಿತ್ತಲಿಗೆ ಎಸೆದಳು, ಕೊಡದ ನೀರನ್ನು ನಡುಮನೆಗೆ ಸುರುವಿ ಹುಚ್ಚಿಯಂತೆ ಒರೆಸಿದಳು. ಅಡ್ಡ ಬಂದ ವನಮಾಲಾಳ ಕಪಾಳಕ್ಕೆ ಒಂದು ಬಿಟ್ಟಳು. ಬಂದವರು ಒಳಗೆ ಕಾಲಿಟ್ಟಾಗ ಪರಶಿ ಒದ್ದೊದ್ದೆಯಾಗಿ ಹೊಳೆಯುತ್ತಿತ್ತು. ಅವರಿಗೆ ಮನೆ ಮನಸ್ಸಿಗೆ ಬಂತು. ಗುರುವಾರ ಹಿರಿಯರನ್ನು ಕರೆದುಕೊಂಡು ಬಂದು ಮಾತು ಮುಗಿಸುವುದಾಗಿ ಹೇಳಿಹೋದರು.

ಅವ್ವನ ಕೈಲಿ ಇದು ಆಗುವುದಿಲ್ಲ ಎಂದು ವನಮಾಲಾಗೆ ಅಂದೇ ತಿಳಿಯಿತು. ತಾನೇ ಏನಾದರೂ ಮಾಡಬೇಕು. ಅಪ್ಪ ತೀರಿಕೊಂಡಾಗ ಹತ್ತು ದಿನ ಮನೆಯ ಹೊಸ್ತಿಲು ದಾಟಿ ಯಾರೂ ಒಳಗೆ ಬಂದಿರಲಿಲ್ಲ, ಪಕ್ಕದ ಮನೆಯವರೂ ಅಂಗಳದಲ್ಲೇ ನಿಂತು ಮಾತಾಡಿ ಹೋಗಿದ್ದರು. ಸೂತಕ ಅಂದರೆ ಎಂಥವರೂ ದೂರ ಸರಿಯುತ್ತಾರೆ. ಹುಡುಗಿ ಅದನ್ನು ನೆನಪಿಟ್ಟಿದ್ದಳು.

ಗುರುವಾರ ಇಂದೂಬಾಯಿ ಹಿತ್ತಲಲ್ಲಿ ನೀರು ಸೇದುತ್ತಿದ್ದಾಗ ಸುರಪುರದವರು ಬಂದರು. ವನಮಾಲಾ ಬಾಗಿಲಿಗೆ ಅಡ್ಡ ನಿಂತು, ತಲೆ ತಗ್ಗಿಸಿ, "ಒಳಗ ಬರಬ್ಯಾಡ್ರಿ. ನಮಗ ಸೂತಕ ಅದ. ನಮ್ಮ ಪ್ರಹ್ಲಾದ ಕಾಕಾ ತೀರಿಕೊಂಡಾರ" ಎಂದಳು. ಬಂದವರು ಎರಡು ಹೆಜ್ಜೆ ಹಿಂದೆ ಸರಿದರು. ಮಾತು ಆಡಬೇಕಾದವನೇ ಹೋದಮೇಲೆ ಇನ್ನೇನು ಮಾತು ಎಂದು ಬಂದ ದಾರಿಯಲ್ಲೇ ಬಸ್‌ಸ್ಟ್ಯಾಂಡಿಗೆ ನಡೆದರು. ಅವರು ಮತ್ತೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಇಂದೂಬಾಯಿಗೂ ತಿಳಿಯಲಿಲ್ಲ, ಪ್ರಹ್ಲಾದನಿಗೂ ತಿಳಿಯಲಿಲ್ಲ.

ಮೂರನೆಯವರು ಊರಿನವರೇ, ರಿಟೈರಾದ ಮಾಸ್ತರರು. ಅವರಿಗೂ ವನಮಾಲಾ ಅದೇ ಪಾಠ ಒಪ್ಪಿಸಿದಳು. ಆದರೆ ಮಾಸ್ತರರು ದೊಡ್ಡ ಮನುಷ್ಯರು, ಹಾಗೇ ಮನೆಗೆ ಹೋಗುವವರಲ್ಲ. ಎರಡು ಮಾತು ಸಮಾಧಾನ ಹೇಳಿಬರೋಣವೆಂದು ನೆಟ್ಟಗೆ ಪ್ರಹ್ಲಾದನ ಮನೆಗೆ ಹೋದರು. ಬಾಗಿಲು ತೆರೆದ ಪಾರ್ವತೀಬಾಯಿಯ ಹಣೆಯ ತುಂಬ ಕುಂಕುಮ, ಕೈತುಂಬ ಬಳೆ. ಮಾಸ್ತರರು ಕಣ್ಣು ಸರಿಯಾಗಿ ಕಾಣದವರು, "ಹ್ಯಾಂಗ ಆತವ್ವಾ ಇದು? ನಿನ್ನೆ ಮೊನ್ನೆ ಸೂಪರ್ ಮಾರ್ಕೆಟ್‌ನ್ಯಾಗ ಮಾತಾಡ್ಸಿದ್ದೆ, ಗಟ್ಟಿ ಇದ್ರಲ್ಲ" ಎಂದರು. ಸತ್ತವನು ಒಳಗೆ ಊಟಕ್ಕೆ ಕೂತಿದ್ದ.

ಅರ್ಧ ತಾಸಿನಲ್ಲಿ ಪ್ರಹ್ಲಾದ ಬ್ರಹ್ಮಪುರದಲ್ಲಿದ್ದ. ಕೂಗಾಡಲಿಲ್ಲ. ಕುರ್ಚಿಯ ಮೇಲೆ ಕೂತು ನೀರು ತರಿಸಿ ಕುಡಿದ.

"ವೈನಿ, ನಾ ಸತ್ತು ಎಷ್ಟು ದಿನ ಆತು?"

ಇಂದೂಬಾಯಿಗೆ ತಲೆಬುಡ ತಿಳಿಯಲಿಲ್ಲ. ಅವನು ಎಲ್ಲ ಹೇಳಿದ. ಹೇಳಿ ಮುಗಿಸಿ ಗೋಡೆಗೆ ಒತ್ತಿ ನಿಂತ ಇಬ್ಬರು ಮಕ್ಕಳ ಕಡೆ ನೋಡಿದ.

"ಒಂದು ಹುಡುಗಿ ಅಂದ್ರು ಮಾಸ್ತರರು. ಯಾವಾಕಿ ಅಂತ ಅವರಿಗೆ ಗೊತ್ತಾಗಿಲ್ಲ, ನೀವs ಹೇಳ್ರಿ. ಅಕಿನ್ನ ಈಗs ಕರಕೊಂಡು ಹೋಗ್ತೀನಿ. ಪಾರ್ವತಿ ಕಾದು ಕೂತಾಳ. ಅಕಿ ನಾಲಿಗಿ ಹ್ಯಾಂಗ ತಿದ್ದಬೇಕು ಅಂತ ಪಾರ್ವತಿಗೆ ಗೊತ್ತದ."

ವನಮಾಲಾ ಬಾಯಿ ತೆರೆಯುವುದರಲ್ಲಿದ್ದಳು, ಇಂದೂಬಾಯಿ ಅದನ್ನು ನೋಡಿದಳು. ಆ ಒಂದು ಗಳಿಗೆಯಲ್ಲಿ ತಾಯಿಯ ತಲೆಯಲ್ಲಿ ಏನೇನು ಓಡಿತು ಎಂದು ಹೇಳಲು ನನಗೇ ಹೇಸಿಗೆಯಾಗುತ್ತದೆ. ವನಮಾಲಾ ನೀರು ತರುತ್ತಾಳೆ, ಅಕ್ಕಿ ಆರಿಸುತ್ತಾಳೆ, ಹೇಳಿದ್ದು ಹೇಳಿದಲ್ಲಿ ಇಡುತ್ತಾಳೆ. ಕಮಲಾಪುರದಲ್ಲಿ ಅಣ್ಣನ ಒಂದೇ ಕೋಣೆಯ ಮನೆಯಲ್ಲಿ, ಅವನ ಹೆಂಡತಿಯ ಕಣ್ಣೆದುರು, ದಿನಾ ಬೆಳಗಾದರೆ ಒದ್ದೆ ಹಾಸಿಗೆ ಹೊತ್ತು ಒಣಹಾಕುವುದು ಹೇಗೆ? ಗೋಡೆಗೆ ಇದ್ದಲು ಬಳಿದರೆ?

"ಕುಮುದಿನಿ," ಎಂದಳು ಇಂದೂಬಾಯಿ. "ಸಣ್ಣಾಕಿ. ತಿಳೀದs ಅಂದಾಳ, ಹೊಡೀಬ್ಯಾಡ್ರಿ ಅಂತ ಹೇಳ್ರಿ."

ತನ್ನ ಹೆಸರು ಕೇಳಿ ಕುಮುದಿನಿ ನಕ್ಕಳು. ಕಾಕಾ ತನಗೇನೋ ತಂದಿದ್ದಾನೆ ಅಂದುಕೊಂಡಿರಬೇಕು. ಅವನ ಕೈಹಿಡಿದುಕೊಂಡೇ ಓಣಿ ದಾಟಿ ಹೋದಳು, ತಿರುವಿನಲ್ಲಿ ಒಂದು ಸಲ ತಿರುಗಿ ಕೈ ಬೀಸಿದಳು. ವನಮಾಲಾ ತೆರೆದ ಬಾಯಿಯನ್ನು ಮುಚ್ಚಿ ತಾಯಿಯನ್ನೇ ನೋಡುತ್ತ ನಿಂತಿದ್ದಳು.

ಮರುದಿನ ಮಾಸ್ತರರು ಹೆಂಡತಿಯನ್ನು ಕರೆದುಕೊಂಡು ಬಂದರು. ಆ ಹೆಂಗಸು ಗೋಡೆಯ ಮೇಲೆ ಕೈಯಾಡಿಸಿ ನೋಡಿದಳು, ಬಗ್ಗಿ ಮಂಚದ ಕೆಳಗೆ ನೋಡಿದಳು. ಎಲ್ಲೂ ಒಂದು ಕಲೆ ಸಿಗಲಿಲ್ಲ. ಅಲ್ಲೇ ಮಾತು ಮುಗಿಯಿತು.

ಜೂನ್ ತಿಂಗಳಲ್ಲಿ ತಾಯಿ ಮಗಳು ಕಮಲಾಪುರಕ್ಕೆ ಬಂದರು. ಅಣ್ಣನ ಹೆಂಡತಿ ಸಾವಿತ್ರೀಬಾಯಿ ಕೆಟ್ಟವಳಲ್ಲ, ಬಂದ ದಿನ ಗೊನೆಯಿಂದ ಕೆಂಪು ಬಾಳೆಹಣ್ಣು ಮುರಿದು ವನಮಾಲಾಳ ಕೈಗಿಟ್ಟಳು. ಹುಡುಗಿ ತಿಂದು, ಸಿಪ್ಪೆಯನ್ನು ಎಲ್ಲಿ ಹಾಕಬೇಕೆಂದು ಕೇಳಿ, ಕೈತೊಳೆದುಕೊಂಡು ಬಂದು ಮೂಲೆಯಲ್ಲಿ ಕೂತಳು. ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ತನ್ನ ಹಾಸಿಗೆಯನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿ, ಒಣಗಿದೆ ಎಂದು ಖಾತ್ರಿಯಾದ ಮೇಲೆ ಸುತ್ತಿಡುತ್ತಿದ್ದಳು. "ಎಂಥ ಶಾಣ್ಯಾ ಮಗಳು" ಎಂದು ಸಾವಿತ್ರೀಬಾಯಿ ಹೊಗಳಿದಾಗ ಇಂದೂಬಾಯಿ ಎದ್ದು ಹಿತ್ತಲಿಗೆ ಹೋದಳು.

ಎರಡು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ವನಮಾಲಾಳ ಕೈಯಿಂದ ತಂಬಿಗೆ ಜಾರಿ ಸಾರು ನೆಲದ ತುಂಬ ಚೆಲ್ಲಿತು. ಇಂದೂಬಾಯಿ ಅಕ್ಕಿ ಕೇರುತ್ತಿದ್ದಳು, ತಲೆ ಎತ್ತುವ ಮೊದಲೇ ಬಾಯಿಂದ ಮಾತು ಬಂದಿತ್ತು.

"ಎಷ್ಟ ಹೊಲಸು ಮಾಡತೀಯs ನೀ."

ಹುಡುಗಿ ಅರಿವೆ ತಂದು ನೆಲ ಒರೆಸಿದಳು, ಎರಡನೆಯ ಸಲ ಒಳ್ಳೆ ನೀರಿನಿಂದ ಒರೆಸಿದಳು, ಅರಿವೆ ಹಿಂಡಿ ಒಣಹಾಕಿದಳು. ಆಮೇಲೆ ಗೂಟದಿಂದ ತನ್ನ ಚೀಲ ಇಳಿಸಿ, ಮಡಚಿದ ಎರಡು ಲಂಗ, ಒಂದು ಹಣಿಗೆ, ಪಾಟಿ ತುಂಬಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಳು.

"ಎಲ್ಲಿಗೆ ಹೊಂಟೀ?" ಇಂದೂಬಾಯಿ ಮೊರ ಕೆಳಗಿಟ್ಟಳು.

"ಕಾಕಾ ಎಷ್ಟೊತ್ತಿಗೆ ಬರ್ತಾನ ಅವ್ವಾ?" ಎಂದಳು ವನಮಾಲಾ. "ವ್ಯಾಳ್ಯಾ ಇದ್ರ ಊಟದ ಪಾತ್ರಿ ತಿಕ್ಕಿಟ್ಟು ಹೋಗ್ತೀನಿ."