ಉರಿಯದ ಒಲೆಗೂ ತೆರಿಗೆ

ನಾನು ಒಂದು ಅಗ್ಗಿಷ್ಟಿಕೆ. ಇಂಗ್ಲೆಂಡಿನ ಡೆವನ್ ಸೀಮೆಯ ಒಂದು ಸಣ್ಣ ಊರಿನಲ್ಲಿ, ನೇಕಾರ ಆಂಬ್ರೋಸನ ಮನೆಯ ಹಿಂದಿನ ಕೋಣೆಯ ಗೋಡೆಯಲ್ಲಿ ಹುಟ್ಟಿದೆ. ಅಡುಗೆಮನೆಯಲ್ಲಿ ನನ್ನ ಅಣ್ಣನಿದ್ದ. ಅವನ ಮೇಲೆ ಸದಾ ಗಂಜಿ ಕುದಿಯುತ್ತಿತ್ತು. ನನ್ನನ್ನು ಕಟ್ಟಿಸಿದ್ದು ಆಂಬ್ರೋಸನ ತಾಯಿ ಟಾಮ್ಸಿನ್‌ಗಾಗಿ. ಮುದುಕಿಗೆ ಎದೆಯಲ್ಲಿ ಕಫ, ಮೈಯಲ್ಲಿ ನಡುಕ. ಅವಳನ್ನು ಬೆಚ್ಚಗಿಡುವುದೊಂದೇ ನನ್ನ ಕೆಲಸ. ಅದನ್ನು ಮಾಡಲು ಯಾರೂ ಬಿಡಲಿಲ್ಲ ನೋಡಿ.

ನನ್ನ ಗಾರೆ ಒಣಗುವ ಮೊದಲೇ ರಾಜನಿಗೆ ಹಣ ಬೇಕಾಯಿತು. ಲಂಡನ್ನಿನಲ್ಲಿ ಕೂತವನಿಗೆ ನಮ್ಮ ಮನೆಯಲ್ಲಿ ಏನು ಕಂಡಿತೋ, ಒಂದೊಂದು ಒಲೆಗೂ ತೆರಿಗೆ ಎಂದು ಕಾನೂನು ಬಂತು. ಆಂಬ್ರೋಸ್ ತಲೆ ಕೆರೆದುಕೊಂಡು, ನನ್ನ ಬಾಯಿಗೆ ಇಟ್ಟಿಗೆ ಜೋಡಿಸಿ ಮುಚ್ಚಿಬಿಟ್ಟ.

"ಸ್ವಲ್ಪ ದಿನ ಸಹಿಸಿಕೋ ಅಮ್ಮ," ಎಂದ.

"ನನಗೇನಪ್ಪ, ಇನ್ನೊಂದು ಕಂಬಳಿ ಹೊದೆಯುತ್ತೇನೆ."

ಇನ್ನೊಂದು ಕಂಬಳಿ ಆ ಮನೆಯಲ್ಲಿ ಇರಲಿಲ್ಲ.

ಚಳಿಗಾಲದಲ್ಲಿ ಒಲೆ ಎಣಿಸುವ ಅಧಿಕಾರಿ ಬಂದ. ಬೂಟುಗಾಲಿನಲ್ಲೇ ಮುದುಕಿಯ ಮಂಚದವರೆಗೆ ನಡೆದು, ಕೋಲಿನಿಂದ ಗೋಡೆ ತಟ್ಟಿದ. ನಾನು ಟೊಳ್ಳು, ಸದ್ದು ಮಾಡದಿರಲು ನನಗೆ ಬರುವುದಿಲ್ಲ.

"ಇದು ಉರಿಸದ ಒಲೆ ಸ್ವಾಮಿ," ಎಂದ ಆಂಬ್ರೋಸ್.

"ಉರಿಸು, ಬಿಡು. ಮುಚ್ಚಿಟ್ಟ ಒಲೆಗೆ ಎರಡು ಪಟ್ಟು."

ಇಟ್ಟಿಗೆ ಕೀಳಿಸಿ, ಹಣ ವಸೂಲು ಮಾಡಿಕೊಂಡು ಹೋದ. ಇನ್ನಾದರೂ ಉರಿಯಬಹುದೆಂದು ನನಗೆ ಆಸೆ ಹುಟ್ಟಿತು. ಆದರೆ ಸೌದೆಗೆಂದು ಇಟ್ಟಿದ್ದ ಹಣವೇ ತೆರಿಗೆಗೆ ಹೋಗಿತ್ತು. ಹಿತ್ತಲಲ್ಲಿ ಉಳಿದದ್ದು ಒಂದೇ ಹೊರೆ, ಅದು ಅಡುಗೆಗೆ. ನಾನು ಬಾಯಿ ತೆರೆದುಕೊಂಡೇ ತಣ್ಣಗೆ ಕೂತೆ. ಸಾಲದ್ದಕ್ಕೆ ನನ್ನ ಹೊಗೆಗೂಡಿನಿಂದ ಇಳಿದ ಗಾಳಿ ಮುದುಕಿಯನ್ನು ಇನ್ನಷ್ಟು ನಡುಗಿಸಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಷ್ಟರಲ್ಲಿ ರಾಜನ ಹಡಗುಗಳು ಎಲ್ಲೋ ಸಮುದ್ರದಲ್ಲಿ ಗೆದ್ದವಂತೆ. ಸಂಜೆ ಪ್ರತಿ ಮನೆಯ ಮುಂದೆ ಸಂಭ್ರಮದ ಬೆಂಕಿ ಹಾಕಬೇಕೆಂದು ಊರ ಪೇದೆ ಸಾರಿಹೋದ. ಹಾಕದವರನ್ನು ರಾಜದ್ರೋಹಿಗಳೆಂದು ನೆರೆಯವರೇ ದೂರುವ ಕಾಲ. ಆಂಬ್ರೋಸ್ ಆ ಕೊನೆಯ ಹೊರೆಯನ್ನು ಹೊತ್ತು, ನನ್ನ ಎದುರಿನಿಂದಲೇ ಬೀದಿಗೆ ನಡೆದ. ನನಗೆ ಕಿರುಚಬೇಕೆನಿಸಿತು. ಆಮೇಲೆ ಒಳಗೆ ಬಂದು ತಾಯಿಯನ್ನೂ ಎತ್ತಿಕೊಂಡು ಹೋದ.

ಮರಳಿ ತಂದು ಮಲಗಿಸಿದಾಗ ಅವಳ ಕೆನ್ನೆ ಕೆಂಪೇರಿತ್ತು, ನಡುಕ ನಿಂತಿತ್ತು.

"ರಾಜ ಪುಣ್ಯಾತ್ಮ ಕಣೋ," ಎಂದಳು. "ಈ ಚಳಿಗಾಲದಲ್ಲಿ ನನ್ನನ್ನು ಬೆಚ್ಚಗಿಟ್ಟವನು ಅವನೊಬ್ಬನೇ. ದೇವರು ಅವನನ್ನು ಚೆನ್ನಾಗಿಟ್ಟಿರಲಿ."

ಆಂಬ್ರೋಸ್ ಅವಳಿಗೆ ಕಂಬಳಿ ಹೊದಿಸಿದ. "ಹೂಂ, ಮಲಗಮ್ಮ," ಎಂದ.

ಅದೇ ವಾರ ಅವಳು ತೀರಿಕೊಂಡಳು.

ಈಗ ನನಗೆ ವಯಸ್ಸಾಗಿದೆ. ರಾಜರು ಬದಲಾದರು, ಒಲೆಯ ತೆರಿಗೆಯೂ ಹೋಯಿತು. ಮನೆ ಕೊಂಡ ಉಣ್ಣೆ ವ್ಯಾಪಾರಿ ನನ್ನನ್ನು ದಿನವೂ ಉರಿಸುತ್ತಾನೆ. ಅವನ ನಾಯಿ ನನ್ನ ಮುಂದೆ ಕಾಲು ಚಾಚಿ ಮಲಗುತ್ತದೆ. ನಾಯಿಯ ಮೇಲೆ ನನಗೆ ಸಿಟ್ಟಿಲ್ಲ, ಟಾಮ್ಸಿನ್ ಮೇಲೆಯೂ ಇಲ್ಲ. ಆದರೆ ಅವಳು ಹರಸಿದ್ದು ರಾಜನನ್ನು ಎಂಬುದನ್ನು ಮಾತ್ರ ಇಂದಿಗೂ ಅರಗಿಸಿಕೊಳ್ಳಲು ಆಗಿಲ್ಲ. ಸೌದೆ ಅವಳ ಮನೆಯದಾಗಿತ್ತು.