ಐದನೆಯ ಕೊಂಡಿ

"ಜಾಗ ಇಲ್ಲ ಅಂತಿದೆ, ಅತ್ತಿಗೆ," ಎಂದ ಮೈದುನ, ಹೊಸ ಕಂಪ್ಯೂಟರಿನಿಂದ ಕಣ್ಣು ಕೀಳದೆ.

ಬೆಳಗಿನಿಂದ ಅವನದು ಇದೇ ಗೋಳು. ವಿಳಾಸ ಸರಿ, ಪಾಸ್‌ವರ್ಡ್ ಸರಿ, ಆದರೆ ಎಲ್ಲೋ ದೂರದ ಕ್ಲೌಡ್‌ನಲ್ಲಿ ಕೂತ ಡೇಟಾಬೇಸ್ ಮಾತ್ರ ಜಪ್ಪಯ್ಯ ಅಂದರೂ ಒಳಗೆ ಬಿಡುತ್ತಿರಲಿಲ್ಲ. ಲಿಫ್ಟ್ ರಿಪೇರಿಯ ಆ ಪುಟ್ಟ ಆಫೀಸಿಗೆ ಅದೇ ಜೀವಾಳ. ಊರಿನ ಯಾವ ಲಿಫ್ಟಿನಲ್ಲಿ ಯಾರು ಸಿಕ್ಕಿಕೊಂಡು ಗಂಟೆ ಒತ್ತಿದರೂ ಸುದ್ದಿ ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಈ ಮೇಜಿಗೆ ಬರಬೇಕು. ನಿನ್ನೆ ಮಧ್ಯಾಹ್ನ ಹಳೆಯ ಕಂಪ್ಯೂಟರ್ ಸುಟ್ಟುಹೋದಾಗಿನಿಂದ ಯಾರು ಒತ್ತಿದರೂ ಕೇಳುವವರಿಲ್ಲ. ಅದೇ ಯೋಚನೆಯಲ್ಲಿ ಅತ್ತಿಗೆಗೆ ಕಣ್ಣು ಹತ್ತಿರಲಿಲ್ಲ. ಗಂಡ ಎದೆನೋವು ಬಂದು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅಂದಿನಿಂದ ಆಫೀಸಿನ ಭಾರವೆಲ್ಲ ಅವಳದೇ.

"ಅಣ್ಣ ತಗೊಂಡಿದ್ದು ಅಗ್ಗದ ಚಂದಾ ಅಲ್ವಾ, ಐದೇ ಕೊಂಡಿಗೆ, ಅಂದ್ರೆ ಐದೇ ಕನೆಕ್ಷನ್‌ಗೆ ಜಾಗ. ನಾಲ್ಕು ಬಡಾವಣೆಯ ಲಿಫ್ಟುಗಳಿಗೆ ನಾಲ್ಕು ಹೋಯ್ತು. ಐದನೇದು ನಮ್ದು. ಅಲ್ಲಿ ಯಾರೋ ಕೂತಿದ್ದಾರೆ."

"ಯಾರೋ ಅದು?"

ಮೈದುನ ಪರದೆಯನ್ನು ಅವಳತ್ತ ತಿರುಗಿಸಿದ. ಅಲ್ಲಿದ್ದದ್ದು ಅವಳ ಗಂಡನ ಹೆಸರು. ನಿನ್ನೆ ಹಳೆಯ ಕಂಪ್ಯೂಟರ್ ಕಣ್ಣುಮುಚ್ಚಿದ ಹೊತ್ತಿಗೇ ಬಂದು ಕೂತಿದ್ದ. ಬಂದದ್ದು ಇದೇ ಆಫೀಸಿನಿಂದ, ಅವನದೇ ಲ್ಯಾಪ್‌ಟಾಪಿನಿಂದ.

ಆ ಲ್ಯಾಪ್‌ಟಾಪು ಅವಳ ಬೆನ್ನ ಹಿಂದಿನ ಕಬ್ಬಿಣದ ಬೀರುವಿನಲ್ಲಿತ್ತು. ಅವನು ತೀರಿಕೊಂಡ ವಾರದಲ್ಲೇ ಅವಳೇ ಅದನ್ನು ಒಳಗಿಟ್ಟು ಬೀಗ ಹಾಕಿದ್ದಳು. ಚಾರ್ಜರ್ ಇನ್ನೂ ಗೋಡೆಯ ಮೊಳೆಯಲ್ಲಿ ಧೂಳು ತಿನ್ನುತ್ತ ನೇತಾಡುತ್ತಿತ್ತು. ನಿನ್ನೆಯಿಂದ ಏನೋ ಗುಂಯ್‌ಗುಡುತ್ತಿದ್ದದ್ದು ಅವಳಿಗೆ ಆಗ ನೆನಪಾಯಿತು. ಪಕ್ಕದ ಹೊಲಿಗೆ ಅಂಗಡಿಯ ಮಷೀನು ಎಂದುಕೊಂಡಿದ್ದಳು. ಇವತ್ತು ಆ ಅಂಗಡಿ ತೆರೆದೇ ಇರಲಿಲ್ಲ.

"ಅಲ್ಲಿ ಏನ್ಮಾಡ್ತಿದ್ದಾರೆ?"

"ಏನೂ ಇಲ್ಲ. ಆಗಾಗ ಡೇಟಾಬೇಸನ್ನ 'ಇದ್ದೀಯಾ' ಅಂತ ಕೇಳೋದು, ಅದು 'ಇದ್ದೀನಿ' ಅನ್ನೋದು. ಕೊಂಡಿ ಕಳಚದೆ ಇರ್ಲಿ ಅಂತ ಪ್ರೋಗ್ರಾಮುಗಳು ಹಾಗೆ ಮಾಡ್ತವೆ. ಅಷ್ಟೇ ಅತ್ತಿಗೆ," ಎಂದ, ತನಗೇ ಧೈರ್ಯ ಹೇಳಿಕೊಳ್ಳುವವನ ಹಾಗೆ.

ಲಿಫ್ಟಿನ ಕೆಲಸದಲ್ಲಿ ಗಂಡ ಎಲ್ಲರಿಗೂ ಕಲಿಸಿದ ಪಾಠ ಇದೇ. ಮೇಲಿನವರು 'ಇದ್ದೀಯಾ' ಎಂದು ಕೂಗಬೇಕು, ಕೆಳಗಿನವರು 'ಇದ್ದೀನಿ' ಎನ್ನುವ ತನಕ ಬಟನ್ ಮುಟ್ಟಕೂಡದು. ಮನೆಯಲ್ಲೂ ಅದೇ ಚಾಳಿ, ಬಚ್ಚಲಿನಿಂದಲೂ ಕೂಗುತ್ತಿದ್ದ. "ಇಲ್ಲ, ಓಡಿಹೋದೆ" ಎಂದು ಅವಳು ರೇಗಿಸುತ್ತಿದ್ದಳು.

"ಆರನೇದು ಸೇರಿಸೋಕೆ ಆಗಲ್ವೇನೋ?"

"ಕ್ಲೌಡ್ ಕಂಪನಿಯವ್ರು ನಾಳೆ ಮಾಡ್ಕೊಡ್ತಾರಂತೆ. ಇವತ್ತೇ ಬೇಕು ಅಂದ್ರೆ ಅಣ್ಣನ್ನ ಕಿತ್ತುಹಾಕ್ಬೇಕು." ಅಂದವನೇ ನಾಲಿಗೆ ಕಚ್ಚಿಕೊಂಡ.

ಹಾಗಾದರೆ ನಾಳೆಯೇ ಆಗಲಿ ಬಿಡು ಎಂಬ ಮಾತು ಅವಳ ಬಾಯಿತುದಿಗೆ ಬಂದಿತ್ತು. ಒಂದೇ ಒಂದು ದಿನ. ಅವನು ಕೇಳುತ್ತಿರಲಿ, ತಾನು ಇಲ್ಲೇ ಕೂತಿರುತ್ತೇನೆ. ಅವಳಿಗೆ ಅಷ್ಟು ಆಸೆಯಾಯಿತು. ಆದರೆ ಮುಚ್ಚಿದ ಲಿಫ್ಟಿನಲ್ಲಿ ನಿಂತು ಒತ್ತಿದ ಗಂಟೆಯನ್ನೇ ಮತ್ತೆ ಮತ್ತೆ ಒತ್ತುತ್ತಿರುವ ಯಾರದೋ ಬೆರಳು ಕಣ್ಣಿಗೆ ಕಟ್ಟಿತು.

"ಸ್ವಲ್ಪ ಆಚೆ ಸರಿಯೋ," ಎಂದು ತಾನೇ ಮೌಸ್ ಹಿಡಿದು ಗಂಡನ ಹೆಸರಿನ ಕೊಂಡಿ ಕಳಚಿದಳು.

ಬೆನ್ನ ಹಿಂದಿನ ಗುಂಯ್ ನಿಂತಿತು. ಇಬ್ಬರೂ ತಿರುಗಿ ನೋಡಲಿಲ್ಲ.

ಮೈದುನ ಹೊಸ ಕೊಂಡಿ ಜೋಡಿಸಿದ. ಜೋಡಿಸಿದ್ದೇ ತಡ, ಪರದೆಯ ಮೇಲೆ ಒಂದು ಸಾಲು ಕೆಂಪಾಗಿ ಮೂಡಿತು. ಹಲ್ಲಿನ ಡಾಕ್ಟರ ಕಟ್ಟಡದ ಲಿಫ್ಟಿನಲ್ಲಿ ಯಾರೋ ಗಂಟೆ ಒತ್ತಿದ್ದರು. ಅವಳು ಆ ಲಿಫ್ಟಿನ ಫೋನಿಗೆ ಕರೆ ಮಾಡಿದಳು. ಮೊದಲು ಏದುಸಿರು ಕೇಳಿಸಿತು, ಆಮೇಲೆ ಮುದುಕಿಯೊಬ್ಬಳ ದನಿ.

"ಯಾರಾದ್ರೂ ಇದ್ದೀರಾ?"

ಅವಳು ಫೋನು ಹಿಡಿದೇ ಎದ್ದು, ಇನ್ನೊಂದು ಕೈಯನ್ನು ಬೀರುವಿನ ಬಾಗಿಲಿಗೆ ಊರಿದಳು. ಬೆಚ್ಚಗಿತ್ತು.

"ಇದ್ದೀನಿ," ಎಂದಳು. "ಇಲ್ಲೇ ಇದ್ದೀನಿ."

ಅಂಗೈಯ ಕೆಳಗೆ ಕಬ್ಬಿಣ ನಿಧಾನವಾಗಿ ತಣ್ಣಗಾಗುತ್ತಿತ್ತು.